ಎಷ್ಟು ಬಿಗಿ ಸಾಕು?



ನಾವು ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಹೆಂಗಸರು. ಟೊಮೇಟೊ ಬೆಳೆಯುತ್ತೇವೆ. ನಮ್ಮದೊಂದು ಸಂಘ ಇದೆ. ಸಂಘದಿಂದ ಸಾಲ ಎತ್ತಿ ಒಂದು ಹಳೆಯ ವ್ಯಾನು ಕೊಂಡೆವು. ಟೊಮೇಟೊ ಬಾಕ್ಸುಗಳನ್ನು ಅದರಲ್ಲೇ ಕೋಲಾರದ ಮಂಡಿಗೆ ಸಾಗಿಸುತ್ತೇವೆ. ನಮ್ಮಲ್ಲೇ ಒಬ್ಬ ತಂಗಿ ಲೈಸೆನ್ಸ್ ಮಾಡಿಸಿಕೊಂಡು ಗಾಡಿ ಓಡಿಸುತ್ತಾಳೆ.

ಗಾಡಿ ಓಡಿದರೆ ಸಾಲದ ಕಂತು ಕಟ್ಟುತ್ತೇವೆ. ಗಾಡಿ ನಿಂತರೆ ಟೊಮೇಟೊ ಮನೆಯಲ್ಲೇ ಕೊಳೆಯುತ್ತದೆ. ಕಂತೂ ನಿಲ್ಲುತ್ತದೆ.

ಒಂದು ಸಲ ಗಾಡಿ ನಿಂತೇ ಹೋಯಿತು. ಯಾಕೆ ಗೊತ್ತೇ? ಒಂದು ಸಣ್ಣ ಬೋಲ್ಟನ್ನು ಜಾಸ್ತಿ ಬಿಗಿ ಮಾಡಿದ್ದಕ್ಕೆ. ಸಡಿಲ ಬಿಟ್ಟಿದ್ದಕ್ಕಲ್ಲ, ಜಾಸ್ತಿ ಬಿಗಿ ಮಾಡಿದ್ದಕ್ಕೆ! ನಾವು ಕಲಿತ ಆ ಪಾಠವನ್ನು ನಿಮಗೂ ಹೇಳುತ್ತೇವೆ.

ಎಣ್ಣೆ ಸೋರತೊಡಗಿತು

ನಮ್ಮ ವ್ಯಾನಿನ ಎಂಜಿನ್ ಮುಂದಿನ ಸೀಟಿನ ಕೆಳಗೆ ಇದೆ. ಒಂದು ದಿನ ಸೀಟಿನ ಕೆಳಗಿನಿಂದ ಎಣ್ಣೆ ಸುಟ್ಟ ವಾಸನೆ ಬಂತು. ಸೀಟು ಎತ್ತಿ ನೋಡಿದೆವು. ಎಂಜಿನ್ನಿನ ಪಕ್ಕದಲ್ಲೆಲ್ಲ ಎಣ್ಣೆ ಇಳಿದಿತ್ತು. ಅದರ ಮೇಲೆ ಧೂಳು ಕೂತು ಕಪ್ಪಗೆ ಮೆತ್ತಿಕೊಂಡಿತ್ತು.

ಎಂಜಿನ್ನಿನ ತಲೆಯ ಮೇಲೆ ಒಂದು ಮುಚ್ಚಳ ಇರುತ್ತದೆ. ಅದಕ್ಕೆ ವಾಲ್ವ್ ಕವರ್ ಎನ್ನುತ್ತಾರೆ. ಗ್ಯಾರೇಜಿನವರು ಟ್ಯಾಪೆಟ್ ಕವರ್ ಎಂದೂ ಹೇಳುತ್ತಾರೆ. ಅದರ ಕೆಳಗೆ ವಾಲ್ವುಗಳಿವೆ. ವಾಲ್ವ್ ಎಂದರೆ ಪುಟ್ಟ ಬಾಗಿಲು ಇದ್ದ ಹಾಗೆ. ಒಂದು ಬಾಗಿಲು ತೆರೆದರೆ ಗಾಳಿ, ಪೆಟ್ರೋಲು ಒಳಗೆ ಹೋಗುತ್ತವೆ. ಇನ್ನೊಂದು ತೆರೆದರೆ ಹೊಗೆ ಹೊರಗೆ ಬರುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಒಂದೊಂದು ಬಾಗಿಲೂ ನಿಮಿಷಕ್ಕೆ 1500 ಸಲ ತೆರೆದು ಮುಚ್ಚುತ್ತದೆ. ಅಂದರೆ ಸೆಕೆಂಡಿಗೆ 25 ಸಲ! ಇಷ್ಟು ಓಡಾಟ ಇದ್ದ ಕಡೆ ಎಣ್ಣೆ ಬೇಡವೇ? ಅದಕ್ಕೇ ಅಲ್ಲಿ ಎಂಜಿನ್ ಆಯಿಲ್ ಸದಾ ಹರಿಯುತ್ತಿರುತ್ತದೆ.

ಆ ಎಣ್ಣೆ ಹೊರಗೆ ಬರದಂತೆ ಮುಚ್ಚಳ ತಡೆಯುತ್ತದೆ. ಮುಚ್ಚಳಕ್ಕೂ ಎಂಜಿನ್ನಿಗೂ ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಅದೇ ಗ್ಯಾಸ್ಕೆಟ್. ನಮ್ಮ ಅಡುಗೆ ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಕುಕ್ಕರಿನ ಗ್ಯಾಸ್ಕೆಟ್ ಹಳೆಯದಾದರೆ ಆವಿ ಹೊರಗೆ ಬರುತ್ತದಲ್ಲ? ಹಾಗೆಯೇ ಇದೂ. ಬಿಸಿಗೆ ರಬ್ಬರ್ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಆಗ ಎಣ್ಣೆ ಸೋರುತ್ತದೆ.

ಸೋರುವುದು ಹನಿ ಹನಿಯೇ. ಆದರೆ ಸುಮ್ಮನಿರಬಾರದು. ಎಣ್ಣೆ ಕಡಿಮೆಯಾದರೆ ಎಂಜಿನ್ ಒಣಗಿ ಹಿಡಿದುಕೊಳ್ಳುತ್ತದೆ. ಸೋರಿದ ಎಣ್ಣೆ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಹೊಗೆ ಏಳುತ್ತದೆ. ಬೆಂಕಿಯೂ ಹತ್ತಬಹುದು.

"ಇನ್ನೂ ಸ್ವಲ್ಪ ಬಿಗಿ ಮಾಡು"

ನಾವು ಹೊಸ ಗ್ಯಾಸ್ಕೆಟ್ ತಂದೆವು. ನಮ್ಮ ಅಕ್ಕ ಒಬ್ಬರ ಅಣ್ಣನ ಮಗ ಹಾಕಿಕೊಟ್ಟ. ಒಳ್ಳೆಯ ಹುಡುಗ, ಕೈಬಲ ಜಾಸ್ತಿ. ಒಂದು ಮೂಲೆಯ ಬೋಲ್ಟನ್ನು ಮೊದಲು ಪೂರ್ತಿ ಬಿಗಿಸಿದ. ಆಮೇಲೆ ಅದರ ಪಕ್ಕದ್ದು. ಆಮೇಲೆ ಇನ್ನೊಂದು. ನಾವು ಸುತ್ತ ನಿಂತು, "ಇನ್ನೂ ಸ್ವಲ್ಪ ಬಿಗಿ ಮಾಡಪ್ಪ, ಮತ್ತೆ ಸೋರಬಾರದು" ಎಂದೆವು. ಅವನು ಸ್ಪ್ಯಾನರಿನ ತುದಿಗೆ ಅರ್ಧ ಮೀಟರ್ ಉದ್ದದ ಪೈಪು ಸಿಕ್ಕಿಸಿ ಎಳೆದ. "ಇನ್ನು ಒಂದು ಹನಿ ಬಿದ್ದರೆ ನನ್ನನ್ನು ಕೇಳಿ ಅತ್ತೆ" ಎಂದ.

ಮಾರನೇ ದಿನ ಬೆಳಗಿನ ಜಾವ ಗಾಡಿ ತುಂಬ ಟೊಮೇಟೊ. ಅರ್ಧ ದಾರಿಯಲ್ಲಿ ಸೀಟಿನ ಕೆಳಗಿನಿಂದ ಹೊಗೆ ಎದ್ದಿತು. ತಂಗಿ ಗಾಡಿ ನಿಲ್ಲಿಸಿ ಕೆಳಗೆ ಹಾರಿದಳು. ದೇವರ ದಯೆ, ಬೆಂಕಿ ಹತ್ತಲಿಲ್ಲ. ಆದರೆ ಮೊದಲು ಹನಿ ಹನಿ ಸೋರುತ್ತಿದ್ದ ಎಣ್ಣೆ ಈಗ ಧಾರೆಯಾಗಿ ಇಳಿದಿತ್ತು. ಬೇರೆ ಗಾಡಿ ಸಿಕ್ಕಿ ಮಂಡಿ ಸೇರುವಷ್ಟರಲ್ಲಿ ಹರಾಜು ಮುಗಿದಿತ್ತು. ಉಳಿದ ಬೆಲೆಗೆ ಮಾರಿ ಬಂದೆವು.

ಗ್ಯಾರೇಜಿನ ಮೇಸ್ತ್ರಿ ಮುಚ್ಚಳ ತೆಗೆದು ತೋರಿಸಿದರು. ಒಂದು ಕಡೆ ರಬ್ಬರ್ ಹಿಂಡಿ ಹೋಗಿ ಹೊರಗೆ ಬಂದಿತ್ತು. ಇನ್ನೊಂದು ಕಡೆ ಒತ್ತೇ ಬಿದ್ದಿರಲಿಲ್ಲ. ಒಂದು ಬೋಲ್ಟಿನ ತೂತಿನಲ್ಲಿ ಥ್ರೆಡ್ ಕಿತ್ತು ಹೋಗಿತ್ತು. ಥ್ರೆಡ್ ಎಂದರೆ ಬೋಲ್ಟಿನ ಮೈಮೇಲೆ, ತೂತಿನ ಒಳಗೆ ಇರುವ ಸುತ್ತುಗೆರೆ. ಬೋಲ್ಟು ಉಕ್ಕಿನದು. ತೂತು ಇರುವುದು ಅಲ್ಯೂಮಿನಿಯಂನಲ್ಲಿ. ಅಲ್ಯೂಮಿನಿಯಂ ಮೆತ್ತಗೆ. ಜಾಸ್ತಿ ತಿರುಗಿಸಿದರೆ ಉಕ್ಕು ಅದರ ಗೆರೆಗಳನ್ನು ಕಿತ್ತು ಹಾಕುತ್ತದೆ.

ಮೇಸ್ತ್ರಿ ಆ ತೂತನ್ನು ದೊಡ್ಡದು ಮಾಡಿ, ಒಳಗೆ ಉಕ್ಕಿನ ಸುರುಳಿ ಕೂರಿಸಿ, ಹೊಸ ಥ್ರೆಡ್ ಮಾಡಿಕೊಟ್ಟರು. ಗ್ಯಾಸ್ಕೆಟ್ಟಿಗೆ ಕೊಟ್ಟಿದ್ದರ ಐದು ಪಟ್ಟು ದುಡ್ಡು ಅದಕ್ಕೆ ಹೋಯಿತು. ಆ ಹುಡುಗನ ತಪ್ಪೆಂದು ನಾವು ಹೇಳುವುದಿಲ್ಲ. "ಇನ್ನೂ ಬಿಗಿ ಮಾಡು" ಎಂದವರು ನಾವೇ ಅಲ್ಲವೇ?

ಹೋಳಿಗೆ ಒತ್ತಿದ ಹಾಗೆ

ಮೇಸ್ತ್ರಿ ಕೇಳಿದರು: "ಅಮ್ಮಾ, ನೀವು ಹೋಳಿಗೆ ಹೇಗೆ ತಟ್ಟುತ್ತೀರಿ?"

ನಮಗೆ ನಗು ಬಂತು. ಆದರೆ ಯೋಚನೆ ಮಾಡಿ. ಹೋಳಿಗೆಯನ್ನು ಒಂದೇ ಅಂಚಿನಲ್ಲಿ ಜೋರಾಗಿ ಒತ್ತಿದರೆ ಏನಾಗುತ್ತದೆ? ಇನ್ನೊಂದು ಕಡೆ ಹೂರಣ ಕಿತ್ತು ಹೊರಗೆ ಬರುತ್ತದೆ. ಹಾಗಾಗಿ ನಾವು ನಡುವಿನಿಂದ ಶುರು ಮಾಡುತ್ತೇವೆ. ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಅಂಚಿಗೆ ಬರುತ್ತೇವೆ. ಎಲ್ಲ ಕಡೆಯೂ ಒಂದೇ ಸಮ ಒತ್ತುತ್ತೇವೆ.

ಗ್ಯಾಸ್ಕೆಟ್ಟಿನ ಲೆಕ್ಕವೂ ಅಷ್ಟೇ. ಮೂಲೆಯ ಒಂದು ಬೋಲ್ಟನ್ನು ಮೊದಲೇ ಪೂರ್ತಿ ಬಿಗಿಸಿದರೆ ಮುಚ್ಚಳ ಆ ಕಡೆಗೆ ವಾಲುತ್ತದೆ. ಈಚೆ ಕಡೆ ಮೇಲೇಳುತ್ತದೆ. ಅಲ್ಲಿಂದ ಎಣ್ಣೆ ಬರುತ್ತದೆ.

ಇನ್ನೊಂದು ಮಾತು. ಈ ಮುಚ್ಚಳದ ಒಳಗೆ ಎಣ್ಣೆಯ ಒತ್ತಡ ದೊಡ್ಡದೇನೂ ಇಲ್ಲ. ಎಣ್ಣೆ ಚಿಮ್ಮುತ್ತದೆ, ಹರಿಯುತ್ತದೆ, ಅಷ್ಟೇ. ಅದನ್ನು ತಡೆಯಲು ರಬ್ಬರ್ ಸುತ್ತಲೂ ಒಂದೇ ಸಮ ಅದುಮಿದರೆ ಸಾಕು. ಭಾರಿ ಬಲ ಬೇಕಿಲ್ಲ.

ಬಿಗಿಗೂ ಒಂದು ಅಳತೆ ಇದೆ

ಅಕ್ಕಿಗೆ ಸೇರು ಇದೆ. ಬಟ್ಟೆಗೆ ಮೀಟರ್ ಇದೆ. ಬೋಲ್ಟಿನ ಬಿಗಿಗೂ ಅಳತೆ ಇದೆ. ಅದರ ಹೆಸರು ನ್ಯೂಟನ್ ಮೀಟರ್.

ಇದು ಎಷ್ಟು ಎಂದು ತಿಳಿಯುವುದು ಸುಲಭ. ಒಂದು ಮೀಟರ್ ಉದ್ದದ ಕೋಲನ್ನು ಬೋಲ್ಟಿಗೆ ಸಿಕ್ಕಿಸಿ ಅಡ್ಡ ಹಿಡಿದಿದ್ದೀರಿ ಎನ್ನಿ. ಕೋಲಿನ ತುದಿಗೆ 1 ಕೆ.ಜಿ. ಬೆಲ್ಲ ತೂಗು ಹಾಕಿ. ಬೋಲ್ಟಿನ ಮೇಲೆ ಬೀಳುವ ತಿರುಗುಬಲ ಹೆಚ್ಚು ಕಡಿಮೆ 10 ನ್ಯೂಟನ್ ಮೀಟರ್.

ನಮ್ಮ ಗಾಡಿಯ ಪುಸ್ತಕದಲ್ಲಿ ಈ ಮುಚ್ಚಳದ ಬೋಲ್ಟುಗಳಿಗೆ 10 ನ್ಯೂಟನ್ ಮೀಟರ್ ಎಂದಿದೆ. ತುಂಬ ಗಾಡಿಗಳಲ್ಲಿ ಇದು ಇದರ ಆಸುಪಾಸಿನಲ್ಲೇ ಇರುತ್ತದೆ. ಆದರೆ ನಿಮ್ಮ ಗಾಡಿಯ ಪುಸ್ತಕ ಏನು ಹೇಳುತ್ತದೋ ಅದೇ ಸರಿ. ಕಾರಿನ ಚಕ್ರದ ನಟ್ಟಿಗೆ ಸುಮಾರು 100 ಬೇಕು. ಈ ಬೋಲ್ಟಿಗೆ ಅದರ ಹತ್ತರಲ್ಲಿ ಒಂದು ಪಾಲು!

ಈಗ ಲೆಕ್ಕ ಹಾಕಿ. ಸ್ಪ್ಯಾನರ್ ಉದ್ದ 20 ಸೆಂಟಿಮೀಟರ್ ಇದ್ದರೆ, ತುದಿಯಲ್ಲಿ 5 ಕೆ.ಜಿ. ತೂಕದಷ್ಟು ಎಳೆದರೆ 10 ಆಯಿತು. ಅರ್ಧ ಮೀಟರ್ ಪೈಪು ಹಿಡಿದು 20 ಕೆ.ಜಿ. ತೂಕದಷ್ಟು ಎಳೆದರೆ? ಸುಮಾರು 100! ಬೇಕಾದ್ದರ ಹತ್ತು ಪಟ್ಟು. ಅಷ್ಟು ಬಲ ಬೀಳುವ ಮೊದಲೇ ಥ್ರೆಡ್ ಕಿತ್ತು ಹೋಗುತ್ತದೆ. ಇಲ್ಲವೇ ಬೋಲ್ಟು ಮುರಿಯುತ್ತದೆ. ನಮ್ಮದು ಹಾಗೇ ಆಯಿತು.

ಮೂರು ಹತ್ತುಗಳು

ಎರಡನೇ ಸಲ ನಾವೇ ಕೆಲಸ ಮಾಡುತ್ತೇವೆ ಎಂದೆವು. ಮೇಸ್ತ್ರಿ ಪಕ್ಕದಲ್ಲಿ ನಿಂತರು. ಬಿಗಿ ಅಳೆಯುವ ಸ್ಪ್ಯಾನರ್ ಒಂದಿದೆ. ಅದಕ್ಕೆ ಟಾರ್ಕ್ ರೆಂಚ್ ಎನ್ನುತ್ತಾರೆ. ಅದರ ಹಿಡಿ ತಿರುಗಿಸಿ ಬೇಕಾದ ಅಂಕಿಗೆ ಇಟ್ಟರೆ, ಅಷ್ಟು ಬಿಗಿಯಾದ ಕೂಡಲೇ "ಟಿಕ್" ಎನ್ನುತ್ತದೆ.

ಗ್ಯಾರೇಜಿನ ಹುಡುಗ ಒಂದು ದೊಡ್ಡ ಟಾರ್ಕ್ ರೆಂಚ್ ತಂದು 10ಕ್ಕೆ ಇಡಲು ಹೋದ. ನಮ್ಮ ದೊಡ್ಡಕ್ಕ, "ನಿಲ್ಲಪ್ಪ" ಎಂದರು. ಅವರು ಅಕ್ಷರ ಕಲಿತು ಒಂದು ವರ್ಷವಾಗಿತ್ತು ಅಷ್ಟೇ. ಪುಸ್ತಕದಲ್ಲಿ 10ರ ಮುಂದೆ ಇಂಗ್ಲಿಷಿನ ಎರಡು ಅಕ್ಷರ ಇದ್ದವು. ದೊಡ್ಡಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಪುಸ್ತಕವನ್ನು ರೆಂಚಿನ ಪಕ್ಕ ಹಿಡಿದು, "ಇಲ್ಲಿರೋ ಅಕ್ಷರಾನೇ ಬೇರೆ, ಅಲ್ಲಿರೋದೇ ಬೇರೆ. ಎರಡೂ ಒಂದೇನಾ?" ಎಂದು ಕೇಳಿದರು.

ಮೇಸ್ತ್ರಿ ನೋಡಿ ತಲೆಯ ಮೇಲೆ ಕೈ ಇಟ್ಟರು. ಪುಸ್ತಕದಲ್ಲಿ ಇದ್ದದ್ದು ನ್ಯೂಟನ್ ಮೀಟರ್. ರೆಂಚಿನ ಮೇಲೆ ಇದ್ದದ್ದು ಕಿಲೋಗ್ರಾಂ ಮೀಟರ್. 1 ಕಿಲೋಗ್ರಾಂ ಮೀಟರ್ ಎಂದರೆ ಸುಮಾರು 10 ನ್ಯೂಟನ್ ಮೀಟರ್. ಆ ರೆಂಚಿನಲ್ಲಿ 10ಕ್ಕೆ ಇಟ್ಟಿದ್ದರೆ ಮತ್ತೆ ಹತ್ತು ಪಟ್ಟು ಬಿಗಿ! ಎಲ್ಲ ಬೋಲ್ಟೂ ಹೋಗುತ್ತಿದ್ದವು. "ಈ ರೆಂಚಿನ ಅಂಕಿ 2ರಿಂದ ಶುರುವಾಗುತ್ತದೆ. ನಿಮಗೆ ಬೇಕಾದ್ದು 1. ಇದು ನಿಮ್ಮ ಕೆಲಸಕ್ಕೆ ಅಲ್ಲ" ಎಂದು ಹೇಳಿ ಮೇಸ್ತ್ರಿ ಚಿಕ್ಕ ರೆಂಚ್ ತಂದುಕೊಟ್ಟರು. ಅದರಲ್ಲಿ ನ್ಯೂಟನ್ ಮೀಟರ್ ಅಂಕಿ ಇತ್ತು.

ಇನ್ನೂ ಒಂದು ತಮಾಷೆ ಕೇಳಿ. ಆ ಬೋಲ್ಟಿಗೆ ಹಾಕುವ ಸ್ಪ್ಯಾನರಿನ ಮೇಲೂ 10 ಎಂದಿತ್ತು. ಅದು ಬಿಗಿಯ ಅಂಕಿ ಅಲ್ಲ. ಬೋಲ್ಟಿನ ತಲೆ 10 ಮಿಲಿಮೀಟರ್ ಅಗಲ ಎಂದು ಅರ್ಥ.

ಮೂರು ಕಡೆಯೂ 10. ಮೂರಕ್ಕೂ ಅರ್ಥ ಬೇರೆ. ಅಂಕಿ ಓದಿದರೆ ಸಾಲದು. ಅಂಕಿಯ ಮುಂದಿನ ಅಕ್ಷರವನ್ನೂ ನೋಡಬೇಕು. ತಿಳಿಯದಿದ್ದರೆ ಕೇಳಬೇಕು. ಕೇಳಲು ನಾಚಿಕೆ ಬೇಡ. ದೊಡ್ಡಕ್ಕ ಅವತ್ತು ಕೇಳಿದ್ದರಿಂದ ನಮ್ಮ ಎಂಜಿನ್ ಉಳಿಯಿತು.

ನಾವು ಮಾಡಿದ ಕ್ರಮ

ಮೊದಲು ಎರಡು ವಿಷಯ ನೋಡಿದೆವು. ಅಳೆಯುವ ಕಡ್ಡಿ ತೆಗೆದು ಎಣ್ಣೆ ಗುರುತಿಗಿಂತ ಜಾಸ್ತಿ ಇದೆಯೇ ಎಂದು ನೋಡಿದೆವು. ಎಂಜಿನ್ನಿಗೆ ಉಸಿರಾಡುವ ಕೊಳವೆಯೂ ಇದೆ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಹೊಸ ಗ್ಯಾಸ್ಕೆಟ್ ಹಾಕಿದರೂ ಎಣ್ಣೆ ಹೊರಗೆ ತಳ್ಳುತ್ತದೆ. ಎರಡೂ ಸರಿಯಾಗಿದ್ದವು.

ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟೆವು. ಬ್ಯಾಟರಿಯ ಮೈನಸ್ ವೈರು ಬಿಚ್ಚಿದೆವು. ಸೆರಗು ಸೊಂಟಕ್ಕೆ ಸಿಕ್ಕಿಸಿದೆವು. ಜಡೆ ಮೇಲೆ ಕಟ್ಟಿದೆವು. ಬಳೆ ತೆಗೆದಿಟ್ಟೆವು. ಹತ್ತಿರ ಬೆಂಕಿ, ಬೀಡಿ ಇರಲಿಲ್ಲ.

ಮುಚ್ಚಳದ ಸುತ್ತಲಿನ ಧೂಳು ಒರೆಸಿದೆವು. ಇಲ್ಲದಿದ್ದರೆ ಮುಚ್ಚಳ ತೆಗೆದಾಗ ಮಣ್ಣು ಎಂಜಿನ್ನಿನ ಒಳಗೆ ಬೀಳುತ್ತದೆ. ಮೇಲಿದ್ದ ವೈರುಗಳಿಗೆ ಚೀಟಿ ಅಂಟಿಸಿ 1, 2, 3, 4 ಎಂದು ಬರೆದು ಪಕ್ಕಕ್ಕೆ ಸರಿಸಿದೆವು.

ಒಂದು ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದೆವು. ನಮ್ಮ ಮುಚ್ಚಳಕ್ಕೆ ಎಂಟು ಬೋಲ್ಟು. ಎರಡು ಸಾಲು, ಸಾಲಿಗೆ ನಾಲ್ಕು. ಬಿಗಿಸುವ ಕ್ರಮದ ಅಂಕಿಗಳನ್ನು ಹೀಗೆ ಬರೆದೆವು:

ಆಚೆ ಸಾಲು: 5 – 1 – 4 – 8
ಈಚೆ ಸಾಲು: 7 – 3 – 2 – 6

ನೋಡಿ, 1 ನಡುವಿನಲ್ಲಿದೆ. 2 ಅದರ ಎದುರು ಮೂಲೆಗೆ ಇದೆ. ಹೀಗೆ ಅಡ್ಡಡ್ಡವಾಗಿ, ನಡುವಿನಿಂದ ಹೊರಗೆ ಹೋಗಬೇಕು. ಪುಸ್ತಕದಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು.

ಬಿಚ್ಚುವಾಗ ತಿರುವು ಮುರುವು: 8ರಿಂದ 1ಕ್ಕೆ. ಒಂದೊಂದನ್ನೂ ಸ್ವಲ್ಪ ಸ್ವಲ್ಪ ಸಡಿಲ ಮಾಡಿ, ಆಮೇಲೆ ತೆಗೆದೆವು. ತೆಗೆದ ಬೋಲ್ಟನ್ನು ರಟ್ಟಿನ ಮೇಲೆ ಅದರದರ ಜಾಗದಲ್ಲೇ ಚುಚ್ಚಿಟ್ಟೆವು.

ಮುಚ್ಚಳ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಲಿಲ್ಲ. ಹಾಗೆ ಮಾಡಿದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ. ಆ ಗೀರಿನಿಂದಲೇ ಎಣ್ಣೆ ಸೋರುತ್ತದೆ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದೆವು, ಬಂತು.

ಹಳೇ ಗ್ಯಾಸ್ಕೆಟ್ ತೆಗೆದೆವು. ತೆರೆದ ಎಂಜಿನ್ನಿಗೆ ಶುಭ್ರ ಬಟ್ಟೆ ಮುಚ್ಚಿದೆವು. ಎರಡೂ ಕಡೆಯ ಅಂಚನ್ನು ಒರೆಸಿ ಒಣಗಿಸಿದೆವು. ಅಂಚಿನ ಮೇಲೆ ಎಣ್ಣೆ, ಹಳೇ ರಬ್ಬರ್ ಚೂರು ಉಳಿಯಬಾರದು. ಮುಚ್ಚಳದ ಅಂಚಿಗೆ ನೇರವಾದ ಸ್ಕೇಲು ಇಟ್ಟು ಬಗ್ಗಿದೆಯೇ ಎಂದು ನೋಡಿದೆವು. ಬಗ್ಗಿದ್ದರೆ ಯಾವ ಗ್ಯಾಸ್ಕೆಟ್ಟೂ ನಿಲ್ಲುವುದಿಲ್ಲ.

ಹೊಸ ಗ್ಯಾಸ್ಕೆಟ್ಟನ್ನು ಮುಚ್ಚಳದ ಗಾಡಿಯಲ್ಲಿ, ಅಂದರೆ ಅದು ಕೂರುವ ಕಾಲುವೆಯಲ್ಲಿ, ಸುತ್ತಲೂ ಕೂರಿಸಿದೆವು. ಎಲ್ಲೂ ತಿರುಚಿರಬಾರದು. ಸುತ್ತ ಅಂಟು ಬಳಿಯಲಿಲ್ಲ. ಕೆಲವು ಗಾಡಿಗಳಲ್ಲಿ ಮೂಲೆಗೆ ಮಾತ್ರ ಅಂಟು ಹಚ್ಚಲು ಪುಸ್ತಕ ಹೇಳುತ್ತದೆ. ಅಷ್ಟೇ ಹಚ್ಚಬೇಕು. ಬಟ್ಟೆ ತೆಗೆದು, ಮುಚ್ಚಳವನ್ನು ನೇರವಾಗಿ ಇಳಿಸಿದೆವು.

ಮೂರು ಸುತ್ತು

ಮೊದಲ ಸುತ್ತು, ಬೆರಳಿನಲ್ಲಿ. ಎಂಟೂ ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿದೆವು. ಬೆರಳಿಗೆ ತಿರುಗದಿದ್ದರೆ ಥ್ರೆಡ್ ವಾರೆಯಾಗಿ ಹಿಡಿದಿದೆ ಎಂದು ಅರ್ಥ. ಸ್ಪ್ಯಾನರ್ ಹಾಕಿ ಬಲವಂತ ಮಾಡಬಾರದು. ಹೊರಗೆ ತೆಗೆದು ಮತ್ತೆ ನೇರವಾಗಿ ಹಾಕಬೇಕು.

ಎರಡನೇ ಸುತ್ತು, ಅರ್ಧ ಬಿಗಿ. ರೆಂಚನ್ನು 5ಕ್ಕೆ ಇಟ್ಟೆವು. 1ರಿಂದ 8ರವರೆಗೆ ಕ್ರಮವಾಗಿ ಬಿಗಿಸಿದೆವು. ಒಬ್ಬರು ಅಂಕಿ ಓದಿದರು, ಒಬ್ಬರು ತಿರುಗಿಸಿದರು.

ಮೂರನೇ ಸುತ್ತು, ಪೂರ್ತಿ ಬಿಗಿ. ರೆಂಚನ್ನು 10ಕ್ಕೆ ಇಟ್ಟೆವು. ಹಿಡಿಯ ಜಾಗದಲ್ಲೇ ಹಿಡಿದು ನಿಧಾನವಾಗಿ ಎಳೆದೆವು. "ಟಿಕ್" ಎಂದ ಕೂಡಲೇ ನಿಲ್ಲಿಸಿದೆವು. "ಇನ್ನೊಂದು ಸ್ವಲ್ಪ" ಎಂದು ಬಾಯಿಗೆ ಬಂತು. ಯಾರೂ ಹೇಳಲಿಲ್ಲ.

ಕೆಲವು ಗಾಡಿಗಳ ಬೋಲ್ಟಿಗೆ ಹೆಗಲಿನಂತೆ ಒಂದು ಮೆಟ್ಟಿಲು ಇರುತ್ತದೆ. ಅದು ತಾಗಿದಾಗ ಬೋಲ್ಟು ಗಟ್ಟಿಯಾಗಿ ನಿಲ್ಲುತ್ತದೆ. ರಬ್ಬರ್ ಜಾಸ್ತಿ ಅದುಮದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಅದನ್ನು ಮೀರಿ ತಿರುಗಿಸಬಾರದು.

ಎಚ್ಚರ: ಈ ಮುಚ್ಚಳದ ಕೆಳಗೆ, ಎಂಜಿನ್ನಿನ ಹೆಡ್ ಹಿಡಿದಿರುವ ದಪ್ಪ ಬೋಲ್ಟುಗಳಿವೆ. ಅವನ್ನು ಮುಟ್ಟಬೇಡಿ. ಅದು ಬೇರೆಯೇ ಕೆಲಸ.

ವೈರುಗಳನ್ನು ಚೀಟಿ ನೋಡಿ ಹಾಕಿದೆವು. ಬ್ಯಾಟರಿ ಜೋಡಿಸಿದೆವು. ಎಣ್ಣೆ ಅಳತೆ ನೋಡಿದೆವು. ಎಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟೆವು. ತಿರುಗುವ ಬೆಲ್ಟಿನಿಂದ ದೂರ ನಿಂತು, ಟಾರ್ಚ್ ಹಾಕಿ ಸುತ್ತಲೂ ನೋಡಿದೆವು. ಒಂದು ಹನಿಯೂ ಇಲ್ಲ! ಎರಡು ಟ್ರಿಪ್ ಆದ ಮೇಲೆ ಮತ್ತೆ ನೋಡಿದೆವು. ಒಣಗಿಯೇ ಇತ್ತು.

ಅಕಸ್ಮಾತ್ ಸೋರಿದ್ದರೆ? ಮತ್ತಷ್ಟು ಬಿಗಿಸಬಾರದು. ಎಂಜಿನ್ ಆರಿದ ಮೇಲೆ ಬಿಚ್ಚಿ, ಯಾಕೆ ಸೋರಿತು ಎಂದು ನೋಡಬೇಕು. ಗ್ಯಾಸ್ಕೆಟ್ ತಿರುಚಿರಬಹುದು, ಕಸ ಸಿಕ್ಕಿರಬಹುದು.

ಎಣ್ಣೆ ಒರೆಸಿದ ಬಟ್ಟೆಯನ್ನು ಬಾವಿ, ಕೆರೆ ಹತ್ತಿರ ಎಸೆಯಲಿಲ್ಲ. ಗ್ಯಾರೇಜಿಗೇ ಕೊಟ್ಟೆವು. ಸೋಪು ಹಚ್ಚಿ ಕೈ ತೊಳೆದೆವು.

ಆ ರಟ್ಟು ಈಗಲೂ ನಮ್ಮ ಸಂಘದ ಗೋಡೆಯ ಮೇಲಿದೆ. ಅದರ ಮೇಲಿನ ಅಂಕಿಗಳನ್ನು ಬರೆದವರು ದೊಡ್ಡಕ್ಕ. ಪೈಪು ಹಾಕಿ ಎಳೆದ ಆ ಹುಡುಗ ಈಗ ಯಾವ ಬೋಲ್ಟು ಹಿಡಿದರೂ ಮೊದಲು ಕೇಳುತ್ತಾನೆ: "ಅತ್ತೆ, ಪುಸ್ತಕದಲ್ಲಿ ಎಷ್ಟಿದೆ?"

ನೆನಪಿಡೋಣ

ಬಲ ಮುಖ್ಯವಲ್ಲ, ಅಳತೆ ಮುಖ್ಯ.
ನಡುವಿನಿಂದ ಶುರು, ಅಡ್ಡಡ್ಡ ಸಾಗಿ, ಹೊರಗೆ ಕೊನೆ.
ಮೊದಲು ಬೆರಳು, ಆಮೇಲೆ ಅರ್ಧ, ಆಮೇಲೆ ಪೂರ್ತಿ.
ಅಂಕಿಯ ಜೊತೆ ಅಕ್ಷರವನ್ನೂ ನೋಡಿ.

ಮಾತಾಡೋಣ

1. ಮೊದಲ ಸಲ ಎಣ್ಣೆ ಇನ್ನೂ ಜಾಸ್ತಿ ಸೋರಿದ್ದು ಯಾಕೆ?
2. ಮೂರು ಹತ್ತುಗಳ ಅರ್ಥ ಏನೇನು?
3. ನಿಮ್ಮ ಮನೆಯಲ್ಲಿ, ಹೊಲದಲ್ಲಿ ಬೋಲ್ಟು ಹಾಕಿದ ವಸ್ತುಗಳು ಯಾವುವು? ಪಟ್ಟಿ ಬರೆಯಿರಿ.